ಗಂಡನ ಮುಖ ನೋಡಿ ಮಾಡಿದ ಇಂಗ್ಲಿಷ್ ಭಾಷಣ

ಹೆಂಡತಿಗೆ ಇಂಗ್ಲಿಷ್ ಹೇಳಿಕೊಡುವ ಗಂಡಂದಿರಿಗೆ ನನ್ನದೊಂದು ಕಿವಿಮಾತು. ಉದಾಹರಣೆಗಳನ್ನು ಆದಷ್ಟು ಮನೆಯಿಂದ ದೂರ ಇಡಿ.

ನನ್ನವಳು ಸಂಜೆ ತರಗತಿಗೆ ಹೋಗಿ ಇಂಗ್ಲಿಷ್ ಮಾತಾಡಲು ಕಲಿಯುತ್ತಿದ್ದಳು. ಕೊನೆಯ ದಿನ ಎಲ್ಲರೂ ವೇದಿಕೆ ಹತ್ತಿ ಭಾಷಣ ಮಾಡಬೇಕು. ಅತಿಥಿಯಾಗಿ ಬರುವ ಕಣ್ಣಿನ ಡಾಕ್ಟರಮ್ಮ ತಮ್ಮ ಆಸ್ಪತ್ರೆಯ ರಿಸೆಪ್ಷನ್ ಕೆಲಸಕ್ಕೆ ಅವರಲ್ಲೇ ಒಬ್ಬರನ್ನು ಆರಿಸುತ್ತಾರಂತೆ. ಆ ಕೆಲಸ ಸಿಗಲಿ ಅಂತ ಇವಳು ಊಟ ನಿದ್ದೆ ಬಿಟ್ಟಿದ್ದಳು. ಚೀಟಿ ಎತ್ತಿದಾಗ ಬಂದ ವಿಷಯ ಮಾತ್ರ ‘ಪುಟ್ ಅಪ್ ವಿತ್’.

“ರೀ, ಪುಟ್ ಅಂದ್ರೆ ಇಡೋದು, ಅಪ್ ಅಂದ್ರೆ ಮೇಲೆ, ವಿತ್ ಅಂದ್ರೆ ಜೊತೆ. ಯಾರ ಜೊತೆ ಏನನ್ನ ಮೇಲಿಡಬೇಕು?”

ನಾನು ಗಂಟಲು ಸರಿಮಾಡಿಕೊಂಡೆ. (ನಮ್ಮ ಕಚೇರಿಯ ಸಮಸ್ತ ಇಂಗ್ಲಿಷ್ ಪತ್ರವ್ಯವಹಾರವೂ ನನ್ನ ಕೈಯಿಂದಲೇ ನಡೆಯುತ್ತದೆ. ಅಂಚೆಗೆ ಹಾಕುವವನು ನಾನು.)

“ಬಿಡಿಸಿ ನೋಡಬಾರದು ಕಣೆ. ಮೂರೂ ಒಟ್ಟಿಗಿದ್ರೇನೇ ಅರ್ಥ. ಇಷ್ಟ ಇಲ್ಲದಿದ್ರೂ ಸಹಿಸಿಕೊಂಡು ಹೋಗೋದು. ಸೆಕೆ, ಗಲಾಟೆ, ಕೆಟ್ಟ ರಸ್ತೆ, ಏನನ್ನ ಸಹಿಸ್ಕೋತೀಯೋ ಅದನ್ನ ವಿತ್ ಆದ್ಮೇಲೆ ಹೇಳು.”

“ಅಷ್ಟಕ್ಕೆ ಮೂರು ಪದ ಬೇಕಾ? ನಾನು ಮದುವೆ ಆದಾಗಿಂದ ಒಂದು ಪದಾನೂ ಇಲ್ಲದೆ ಮಾಡ್ತಾ ಇದ್ದೀನಲ್ಲ.”

ನಾನು ಕೇಳಿಸದವನಂತೆ ವಾಹನಗಳ ಸದ್ದಿನ ಬಗ್ಗೆ ಘನಗಂಭೀರ ಭಾಷಣವೊಂದನ್ನು ರಚಿಸಿ ಕೊಟ್ಟೆ. ಪಾಪ, ಉರು ಹೊಡೆದೂ ಹೊಡೆದೂ ಎರಡನೇ ಸಾಲಿಗೇ ತೊದಲುತ್ತಿದ್ದಳು.

“ಅಲ್ಲಿ ಮರೆತು ಹೋದ್ರೆ?”

“ನನ್ನ ಮುಖ ನೋಡು. ತಾನಾಗಿ ಬರುತ್ತೆ.” ಈ ಬುದ್ಧಿ ನನಗೆ ಯಾಕೆ ಬಂತೋ ಕಾಣೆ.

ಆ ದಿನ ಮುಂದಿನ ಸಾಲಿನಲ್ಲಿ ನಾನು, ಪಕ್ಕದಲ್ಲಿ ನನ್ನ ಅಮ್ಮ. ಇವಳು ಮೊದಲ ಸಾಲು ಹೇಳಿದಳು, ನಿಂತೇಬಿಟ್ಟಳು. ಎರಡನೇ ಸಾಲನ್ನು ಪಿಸುಗುಟ್ಟಲು ನಾನು ಮುಂದೆ ಬಾಗಿದೆ. ಅಷ್ಟರಲ್ಲಿ ಅವಳು ನನ್ನ ಮುಖ ನೋಡಿದಳು. ನೋಡಿದ್ದೇ ತಡ, ಇಂಗ್ಲಿಷು ಕಟ್ಟೆಯೊಡೆದು ಹರಿಯಿತು. ನನ್ನ ಗೊರಕೆ, ಪುಟ್ ಅಪ್ ವಿತ್. ಹಾಸಿಗೆ ಮೇಲಿನ ನನ್ನ ಒದ್ದೆ ಟವೆಲು, ಪುಟ್ ಅಪ್ ವಿತ್. ರಿಪೇರಿಗೆಂದು ನಾನು ಬಿಚ್ಚಿಟ್ಟು ಇವತ್ತಿಗೂ ಜೋಡಿಸದ ಮಿಕ್ಸಿ, ಪುಟ್ ಅಪ್ ವಿತ್. ಒಂದು ಕಡೆಯಾದರೂ ವ್ಯಾಕರಣ ತಪ್ಪಬೇಕಲ್ಲ, ಊಹೂಂ.

“ಏನಂತಾಳೋ?” ಅಮ್ಮ ಕೇಳಿದಳು.

“ನನ್ನ ಹೊಗಳ್ತಿದ್ದಾಳಮ್ಮ.”

“ಮತ್ತೆ ಜನ ಯಾಕೆ ನಗ್ತಿದ್ದಾರೆ?”

ಡಾಕ್ಟರಮ್ಮ ಕಣ್ಣೊರೆಸಿಕೊಂಡು ಮೈಕ್ ಹಿಡಿದರು. “ಕೆಲಸ ನಿಮಗೇ ಕಣಮ್ಮ. ಇಂಥವರನ್ನ ಇಷ್ಟು ವರ್ಷ ಸಹಿಸಿಕೊಂಡವರಿಗೆ ನಮ್ಮ ರೋಗಿಗಳು ಯಾವ ಲೆಕ್ಕ?”

ವೇದಿಕೆ ಮೇಲೆ ಅವಳ ಮುಖ ಅರಳಿದ್ದು ನೋಡಿ ನನಗೆ ಮಾನ ಹೋದದ್ದೂ ಮರೆತುಹೋಯಿತು. ಎದ್ದು ನಿಂತು ಜೋರಾಗಿ ಚಪ್ಪಾಳೆ ತಟ್ಟಿದೆ.

“ಓಹೋ, ಆ ಮಹಾನುಭಾವರು ನೀವೇನಾ?” ಡಾಕ್ಟರಮ್ಮ ಕೇಳಿದರು. ಸಭೆಗೆ ಸಭೆಯೇ ನನ್ನ ಕಡೆ ತಿರುಗಿತು.

ನಾನು ಬಾಯಿ ತೆರೆಯುವ ಮೊದಲೇ ಅಮ್ಮ ಹೆಮ್ಮೆಯಿಂದ ಎದ್ದು ನಿಂತಳು. “ಹೌದಮ್ಮ, ಇವನೇ. ಸೊಸೆ ಬರೋವರೆಗೂ ನಾನು ಸಹಿಸ್ಕೊಂಡಿದ್ದೆ.”