ಅಂಗಳದಲ್ಲೊಂದು ರನ್‌ವೇ

ಇಡೀ ಶಿಡ್ಲಘಟ್ಟದಲ್ಲಿ ವಿಮಾನ ಇಳಿಸುವ ವಿದ್ಯೆ ಬಲ್ಲವನು ನಾನೊಬ್ಬನೇ ಎಂಬ ಹೆಮ್ಮೆ ನನಗಿತ್ತು. ವಿದ್ಯಾಭ್ಯಾಸ ನಡೆದದ್ದು ಕ್ಷೌರದಂಗಡಿಯಲ್ಲಿ, ಒಂದು ಹಳೇ ವಾರಪತ್ರಿಕೆಯಿಂದ. ರನ್‌ವೇ ಪಕ್ಕದ ದೀಪಗಳೆಲ್ಲ ಬಿಳಿಯಾಗಿ ಕಂಡರೆ ವಿಮಾನ ತೀರಾ ಮೇಲಿದೆ. ಎಲ್ಲ ಕೆಂಪಾಗಿ ಕಂಡರೆ ತೀರಾ ಕೆಳಗಿದೆ. ಅರ್ಧ ಬಿಳಿ, ಅರ್ಧ ಕೆಂಪು ಕಂಡರೆ ಸರಿಯಾಗಿ ಇಳಿಯುತ್ತಿದೆ. ಇಷ್ಟಕ್ಕೆ ಪೈಲಟ್‌ಗಳಿಗೆ ಅಷ್ಟೊಂದು ಠೀವಿಯೇ ಎನ್ನಿಸಿತು.

ಆಗಷ್ಟೇ ಹಳೇ ಕಾರೊಂದನ್ನು ಕೊಂಡಿದ್ದೆ. ಮನೆ ಮುಂದಿನ ಮೋರಿಗೆ ಎರಡೇ ಚಪ್ಪಡಿ ಕಲ್ಲು. ಚಕ್ರ ತಪ್ಪಿದರೆ ಕಾರು ಮೋರಿಯಲ್ಲಿ. ಚಿಂತಾಮಣಿಯಿಂದ ಮಾವನವರನ್ನು ಕರೆತರುವ ದಿನ, ಅಂಗಳದ ಕೊನೆಯಲ್ಲಿ ನಾನೂ ದೀಪ ಕಟ್ಟಲು ಹೊರಟೆ.

"ಲಾಟೀನು ಮಾತ್ರ ಬೇಡ ಕಣ್ರೀ," ಎಂದಳು ಹೆಂಡತಿ ಸುಶೀಲ. "ಹುಳ ಗೂಡು ಕಟ್ತಾ ಇದಾವೆ. ಸೀಮೆಎಣ್ಣೆ ಹೊಗೆ ಆಗಲ್ಲ."

ಅವಳು ನಿದ್ದೆಗೆಟ್ಟು, ಸೊಪ್ಪು ಹಾಕಿ ಸಾಕಿದ ರೇಷ್ಮೆಹುಳುಗಳು ಅಂಗಳದ ಕೊನೆಯ ಗೋಡೆಗೊರಗಿಸಿದ ಚಂದ್ರಿಕೆಗಳೆಂಬ ಅಗಲ ಬಿದಿರು ತಟ್ಟೆಗಳಲ್ಲಿ ಗೂಡು ಕಟ್ಟುತ್ತಿದ್ದವು. ಆ ಬೆಳೆಯೇ ಅವಳ ಪ್ರಾಣ. ನಾನು ದೊಡ್ಡ ಮನಸ್ಸು ಮಾಡಿ ಲಾಟೀನು ಬಿಟ್ಟೆ. ಎರಡು ಬಿಸ್ಕತ್ತಿನ ಡಬ್ಬದಲ್ಲಿ ಟಾರ್ಚ್ ಇಟ್ಟು, ಬಾಯಿಯ ಅರ್ಧಕ್ಕೆ ಮಾತ್ರ ಕೆಂಪು ಕಾಗದ ಅಂಟಿಸಿದೆ. ಕಾರು ಬಲಕ್ಕೆ ಸರಿದರೆ ಎರಡೂ ಬಿಳಿ, ಎಡಕ್ಕೆ ಸರಿದರೆ ಎರಡೂ ಕೆಂಪು, ನೆಟ್ಟಗಿದ್ದರೆ ಒಂದು ಬಿಳಿ, ಒಂದು ಕೆಂಪು. ಡಬ್ಬಗಳನ್ನು ಚಂದ್ರಿಕೆಗೇ ಕಟ್ಟಿದೆ. ಎತ್ತರ ಹೇಳಿ ಮಾಡಿಸಿದಂತಿತ್ತು.

"ಅಲ್ಲೇ ಯಾಕ್ರೀ?"

"ನಿಂಗೆ ತಿಳಿಯಲ್ಲ ಕಣೇ. ಇದು ವಿಮಾನಶಾಸ್ತ್ರ."

ಸಂಜೆ ಮಬ್ಬಿನಲ್ಲಿ ಮಾವನವರ ಸಮೇತ ಆಗಮಿಸಿದೆ. ಎರಡೂ ಬಿಳಿ, ಎಡಕ್ಕೆ ತಿರುಗಿಸಿದೆ. ಎರಡೂ ಕೆಂಪು; ಬಲಕ್ಕೆ. ಒಂದು ಬಿಳಿ, ಒಂದು ಕೆಂಪು! ನಾಲ್ಕೂ ಚಕ್ರ ಚಪ್ಪಡಿ ದಾಟಿದವು.

"ನೋಡಿದ್ರಾ ಮಾವ?" ಎಂದೆ, ದೀಪದಿಂದ ಕಣ್ಣು ಕೀಳದೆ.

"ನೋಡ್ದೆ ಅಳಿಯಂದ್ರೇ. ಬ್ರೇಕು?"

ವಿಮಾನದ ಮುಂದೆ ಮೈಲಿಯುದ್ದದ ರನ್‌ವೇ ಇರುತ್ತದೆ. ನಮ್ಮ ಅಂಗಳದಲ್ಲಿ ನಾಲ್ಕು ಎಮ್ಮೆ ಸಾಲಾಗಿ ನಿಂತರೆ ಜಾಗ ಮುಗಿಯಿತು. ದೀಪ ದಾರಿ ತೋರಿಸುತ್ತದೆಯೇ ಹೊರತು ನಿಲ್ಲಿಸುವುದಿಲ್ಲ ಎಂದು ವಾರಪತ್ರಿಕೆ ಬರೆದಿರಲಿಲ್ಲ. ಕೊನೇ ಗಳಿಗೆಯವರೆಗೂ ಒಂದು ಬಿಳಿ, ಒಂದು ಕೆಂಪು ಚೊಕ್ಕವಾಗಿ ಕಾಣುತ್ತಿದ್ದವು. ಆಮೇಲೆ ಏನೂ ಕಾಣಲಿಲ್ಲ. ಚಂದ್ರಿಕೆಗಳು ಬಾನೆಟ್ಟಿನಿಂದ ಮುಂದಿನ ಗಾಜಿನವರೆಗೂ ಮಲಗಿದ್ದವು. ಗಾಬರಿಯಲ್ಲಿ ನಾನು ವೈಪರ್ ಹಾಕಿದೆ. ಹುಳುಗಳು ಎಡಕ್ಕೂ ಬಲಕ್ಕೂ ಪ್ರಯಾಣ ಮಾಡಿದವು.

"ಅಯ್ಯೋ ದೇವುಡಾ," ಎಂದರು ಮಾವ. "ನನ್ ಮಗಳ ಬೆಳೆ ಮೇಲೇ ಇಳಿಸ್ಬಿಟ್ರಲ್ಲಪ್ಪ."

ಸುಶೀಲ ಬಂದಳು. ಜಜ್ಜಿಹೋದ ಗೂಡೊಂದನ್ನು ಎತ್ತಿ ಅಂಗೈಯಲ್ಲಿಟ್ಟುಕೊಂಡಳು. ನನ್ನನ್ನೇ ನೋಡಿದಳು. ಅಳುವೋ, ಕೋಪವೋ, ಎರಡು ಕಣ್ಣೂ ಕೆಂಪಗಿದ್ದವು. ಬಿಳಿ ಎಲ್ಲೂ ಕಾಣಲಿಲ್ಲ.

ವಿಮಾನಶಾಸ್ತ್ರದ ಪ್ರಕಾರ, ನಾನು ತೀರಾ ಕೆಳಗಿದ್ದೆ.