ಸ್ಟ್ರಾಸ್‌ಬರ್ಗಿಗೆ ಹೊರಟವನನ್ನು ‘ಎಲ್ಲಿಗೆ’ ಎಂದು ಕೇಳಿದವರು

ಸಮಯ: ಬೆಳಿಗ್ಗೆ ಆರು ಗಂಟೆ ಹತ್ತು ನಿಮಿಷ. ಹವೆ: ತೆಳುಮೋಡ, ಗಾಳಿಯಿಲ್ಲ, ಮಳೆಯ ಸೂಚನೆಯಿಲ್ಲ. ಸ್ಥಳ: ರಾಜಾಜಿನಗರದ ನಮ್ಮ ಹೊಸ ಮನೆಯ ಜಗಲಿ. ಹಾಜರಿದ್ದವರು: ನಿವೃತ್ತ ಹೆಡ್‌ಮಾಸ್ಟರನಾದ ನಾನು, ವಯಸ್ಸು ಐವತ್ತಾರು, ನನ್ನನ್ನು ಸಾಕಿ ಬೆಳೆಸಿದ ಅಕ್ಕಯ್ಯ, ಅರವತ್ತೆಂಟು, ನನ್ನ ಹಳೆಯ ವಿದ್ಯಾರ್ಥಿಯೂ ಆದ ಪಕ್ಕದ ಮನೆಯ ಗುಮಾಸ್ತರು, ಜಟಕಾದವನು, ಅವನ ಕುದುರೆ. ಗೈರುಹಾಜರಿ: ಯಾರೂ ಇಲ್ಲ.

ಅಚ್ಚುಕಟ್ಟಾಗಿ ಬದುಕುವವನನ್ನೇ ಇಂಥ ಪ್ರಸಂಗಗಳು ಹುಡುಕಿಕೊಂಡು ಬರುತ್ತವೆ ಎಂಬುದು ನನ್ನ ಅನುಭವ. ಅಡ್ಡಾದಿಡ್ಡಿ ಬದುಕುವವರಿಗೂ ಬರುತ್ತಿರಬಹುದು, ಅವರು ಗಮನಿಸುವುದಿಲ್ಲ. ನಾನು ಗಮನಿಸುತ್ತೇನೆ, ಬರೆದಿಡುತ್ತೇನೆ.

೧. ಹೊಸ್ತಿಲು

ಮೂವತ್ತೊಂದು ವರ್ಷ ನಾನು ಭೂಗೋಳ ಕಲಿಸಿದೆ. ಆ ಮೂವತ್ತೊಂದು ವರ್ಷಗಳಲ್ಲಿ ಹೊಸೂರಿನಿಂದ ಆಚೆಗೆ ಕಾಲಿಟ್ಟವನಲ್ಲ. ಫ್ರಾನ್ಸ್ ದೇಶದ ಸ್ಟ್ರಾಸ್‌ಬರ್ಗ್ ಎಂಬ ಊರಿನ ದೊಡ್ಡ ಚರ್ಚಿನಲ್ಲಿ ಒಂದು ಗಡಿಯಾರವಿದೆ; ನಡುಹಗಲು ಹನ್ನೆರಡಕ್ಕೆ ಅದರೊಳಗಿಂದ ಹನ್ನೆರಡು ಗೊಂಬೆಗಳು ಬಂದು ಸಾಲಾಗಿ ನಡೆಯುತ್ತವೆ, ಒಂದು ಹುಂಜ ರೆಕ್ಕೆ ಬಡಿದು ಮೂರು ಸಲ ಕೂಗುತ್ತದೆ, ಎಂದು ಪ್ರತಿವರ್ಷವೂ ಪಾಠ ಹೇಳುತ್ತಿದ್ದೆ. ಒಂದು ವರ್ಷ ಕೊನೆಯ ಬೆಂಚಿನ ಹುಡುಗನೊಬ್ಬ ಎದ್ದು, “ಸಾರ್, ನೀವು ನೋಡಿದೀರಾ?” ಎಂದ.

ಬೆಂಚಿನ ಮೇಲೆ ನಿಲ್ಲಿಸಿದೆ. ಪಿರಿಯಡ್ ಮುಗಿದ ಮೇಲೆ ಹುಡುಗ ಕೆಳಗಿಳಿದ, ಪ್ರಶ್ನೆ ಇಳಿಯಲಿಲ್ಲ.

ಆ ಹುಡುಗನೇ ಈಗಿನ ಪಕ್ಕದ ಮನೆಯ ಗುಮಾಸ್ತರು. ನನ್ನ ಶಾಲೆಯಲ್ಲಿ ಬೆಳಗಿನ ಗಂಟೆ ಬಾರಿಸಿದ ಕ್ಷಣ ಗೇಟು ಮುಚ್ಚುತ್ತಿತ್ತು. ಅರ್ಧ ನಿಮಿಷ ತಡವಾದವನೂ ಹೊರಗೆ. ಕಾರಣ ಹೇಳುವಂತಿಲ್ಲ, ಪ್ರಶ್ನೆ ಕೇಳುವಂತಿಲ್ಲ. ಹಾಗೆ ಹೊರಗೆ ನಿಂತವರಲ್ಲಿ ಇವರು ಪ್ರತಿ ವಾರವೂ ಇರುತ್ತಿದ್ದರು. ಈಗಲೂ ಕಾಂಪೌಂಡಿನ ಮೇಲಿಂದ ಕತ್ತು ಚಾಚಿ, “ಆ ಗಡಿಯಾರ ನೋಡಿದ್ರಾ ಸಾರ್?” ಎನ್ನುತ್ತಿದ್ದರು. ನಲವತ್ತರ ಗೃಹಸ್ಥರನ್ನು ಬೆಂಚಿನ ಮೇಲೆ ನಿಲ್ಲಿಸುವಂತಿಲ್ಲ. ಆದಕಾರಣ ನಿವೃತ್ತಿಯಾದ ವರ್ಷ ನಾನೇ ಹೋಗಿ ನೋಡಿ ಬರುವುದೆಂದು ತೀರ್ಮಾನಿಸಿದೆ. ಒಬ್ಬನೇ.

ಅಕ್ಕಯ್ಯ ಅಡ್ಡಿ ಮಾಡಲಿಲ್ಲ. ಷರತ್ತು ಹಾಕಿದರು. “ಎಲ್ಲಿಗೆ ಬೇಕಾದ್ರೂ ಹೋಗೋ. ಆದ್ರೆ ಹೊರಟವನನ್ನ ಯಾರಾದ್ರೂ ‘ಎಲ್ಲಿಗೆ’ ಅಂತ ಕೇಳಿದ್ರೆ, ಅಲ್ಲೇ ಕೂತು, ನೀರು ಕುಡಿದು, ಹತ್ತು ನಿಮಿಷ ಸುಧಾರಿಸ್ಕೊಂಡು ಆಮೇಲೆ ಏಳ್ಬೇಕು. ಮಾತು ಕೊಡು.”

ಹೊರಟವರನ್ನು ‘ಎಲ್ಲಿಗೆ’ ಎಂದು ಕೇಳಿದರೆ ಹೋದ ಕೆಲಸ ಕೆಡುತ್ತದೆ ಎಂಬುದು ನಮ್ಮ ಹಿರಿಯರ ನಂಬಿಕೆ. ನನಗೆ ಆ ನಂಬಿಕೆಯಿಲ್ಲ. ಅಕ್ಕಯ್ಯನಿಗೆ ಕೊಟ್ಟ ಮಾತಿನಲ್ಲಿ ನಂಬಿಕೆಯಿದೆ. ಕೊಟ್ಟೆ. ಅವರು ಒಂದು ಹಿತ್ತಾಳೆಯ ಕೂಜ ತುಂಬಿಸಿ, ತಿರುಪು ಮುಚ್ಚಳ ಬಿಗಿದು ನನ್ನ ಕೈಗಿತ್ತರು.

ಆರು ಹತ್ತಕ್ಕೆ ಹೊಸ್ತಿಲು ದಾಟಿದೆ. ಮೂರು ತಿಂಗಳಿಂದ ನನ್ನ ಪ್ರಯಾಣದ ಪ್ರತಿ ವಿವರವನ್ನೂ ಬಲ್ಲ ಗುಮಾಸ್ತರು ಕೈಮುಗಿದು, “ಏನ್ ಸಾರ್, ಇಷ್ಟ್ ಬೆಳಗ್ಗೆ ಎಲ್ಲಿಗೆ?” ಎಂದರು.

ಕೂತೆ. ನೀರು ಕುಡಿದೆ. ಹತ್ತು ನಿಮಿಷದ ಮೇಲೆ ಎದ್ದು ಜಟಕಾ ಹತ್ತಿದೆ. ಜಟಕಾದವನು ಲಗಾಮು ಹಿಡಿದು ತಿರುಗಿ, “ಎಲ್ಲಿಗೆ ಸ್ವಾಮಿ?” ಎಂದ.

ಇಳಿದೆ. ಕೂತೆ. ಕುಡಿದೆ. ಮತ್ತೆ ಹತ್ತಿದೆ. ಕುದುರೆ ನಾಲ್ಕು ಹೆಜ್ಜೆ ಇಟ್ಟಿತ್ತು. ಕಣ್ಣೊರೆಸಿಕೊಳ್ಳುತ್ತ ನಿಂತಿದ್ದ ಅಕ್ಕಯ್ಯ ಗೇಟಿನವರೆಗೆ ಓಡಿ ಬಂದು ಕೂಗಿದರು: “ಲೋ, ಬೊಂಬಾಯಲ್ಲಿ ಇಳಿದು ಆಮೇಲೆ ಎಲ್ಲಿಗೋ?”

ಮೂರನೆಯ ಸಲದ ನೀರನ್ನು ಅವರೇ ತಂದುಕೊಟ್ಟರು.

೨. ಸಾಲು

ಬೊಂಬಾಯಿಯ ಹಡಗುಕಟ್ಟೆಯಲ್ಲಿ ಪ್ರಯಾಣಿಕರ ಸಾಲು. ಮುಂದೆ ಮೇಜು, ಮೇಜಿನ ಹಿಂದೆ ಅಧಿಕಾರಿ. ನನ್ನ ಸರದಿ ಬಂತು. ಅಧಿಕಾರಿ ತಲೆಯೆತ್ತದೆ, “ಎಲ್ಲಿಗೆ?” ಎಂದು ಇಂಗ್ಲಿಷಿನಲ್ಲಿ ಕೇಳಿದ.

ಇಂಗ್ಲಿಷಿನಲ್ಲಿ ಕೇಳಿದರೆ ಲೆಕ್ಕಕ್ಕಿಲ್ಲ ಎಂದು ಅಕ್ಕಯ್ಯ ಹೇಳಿರಲಿಲ್ಲ. ಟ್ರಂಕಿನ ಮೇಲೆ ಕೂತೆ, ಕೂಜದ ಮುಚ್ಚಳ ತಿರುಗಿಸಿದೆ.

ಅಧಿಕಾರಿ ಈಗ ತಲೆಯೆತ್ತಿದ. “ಮೈಯಲ್ಲಿ ಹುಷಾರಿಲ್ಲವೆ?”

“ಹುಷಾರಿದೆ. ಹತ್ತು ನಿಮಿಷದ ನಂತರ ಉತ್ತರಿಸುತ್ತೇನೆ.”

ನನ್ನ ಹಿಂದೆ ಹ್ಯಾಟು ಹಾಕಿದ ಒಬ್ಬ ಇಂಗ್ಲಿಷ್ ದೊರೆ ನಿಂತಿದ್ದ. ನನ್ನನ್ನು ನೋಡಿದ, ಅಧಿಕಾರಿಯನ್ನು ನೋಡಿದ, ತಾನೂ ತನ್ನ ಟ್ರಂಕಿನ ಮೇಲೆ ಕೂತ. ಅವನ ಹಿಂದಿದ್ದ ಪಾರ್ಸಿ ದಂಪತಿಗಳು ಕೂತರು. ಅವರ ಹಿಂದಿದ್ದವರೂ ಕೂತರು. ಐದು ನಿಮಿಷದಲ್ಲಿ ಇಡೀ ಸಾಲು ಕೂತಿತ್ತು. ಅಷ್ಟು ಶಿಸ್ತಿನ ಸಾಲನ್ನು ನನ್ನ ಶಾಲೆಯಲ್ಲಿಯೂ ನಾನು ಕಂಡಿರಲಿಲ್ಲ.

ದೊರೆ ಮುಂದಕ್ಕೆ ಬಾಗಿ ಮೆಲ್ಲನೆ ಕೇಳಿದ: “ಎಷ್ಟು ಹೊತ್ತು ಕೂರಬೇಕು?”

“ಹತ್ತು ನಿಮಿಷ.”

“ಬಹಳ ಉಪಕಾರ. ಈ ಜನ ಒಂದು ಬೋರ್ಡನ್ನಾದರೂ ಹಾಕಬೇಕಿತ್ತು.”

೩. ಹನ್ನೆರಡು ಗಂಟೆ ಮೂರು ನಿಮಿಷ

ಹಡಗಿನಲ್ಲಿ ನಾನು ಫ್ರೆಂಚ್ ಕೈಪಿಡಿಯೊಂದನ್ನು ಹಿಡಿದು ಕೂತೆ. ಮೊದಲು ಬಾಯಿಪಾಠ ಮಾಡಿದ ವಾಕ್ಯ ‘ಊ ಆಲೇ ವೂ?’ ಅದರ ಅರ್ಥ ‘ಎಲ್ಲಿಗೆ ಹೋಗುತ್ತೀರಿ?’ ನಾನು ಯಾರನ್ನೂ ಕೇಳುವುದಕ್ಕಲ್ಲ. ಯಾರಾದರೂ ಕೇಳಿದಾಗ ಗುರುತು ಹಿಡಿದು ಕೂರುವುದಕ್ಕೆ.

ಸ್ಟ್ರಾಸ್‌ಬರ್ಗಿನಲ್ಲಿ ರೈಲಿನಿಂದಿಳಿದ ಬೆಳಗನ್ನು ಸಮಚಿತ್ತದಿಂದ ವರ್ಣಿಸಲಾರೆ. ಕಪ್ಪುಹಲಗೆಯ ಮೇಲೆ ನೀಲಿ ಸೀಮೆಸುಣ್ಣದ ಗೆರೆಯಾಗಿದ್ದ ರೈನ್ ನದಿ ಅಲ್ಲಿ ನಿಜವಾಗಿಯೂ ಹರಿಯುತ್ತಿತ್ತು! ನಾನು ಎಡಕ್ಕೆ ಬಾಗಿಸಿದ ಕಡೆ ಅದು ಎಡಕ್ಕೇ ಬಾಗಿತ್ತು! ಮನೆಗಳ ಹೊಗೆಗೂಡಿನ ಮೇಲೆ ಕೊಕ್ಕರೆಗಳು ಗೂಡು ಕಟ್ಟಿ, ಒಂದೇ ಕಾಲಿನ ಮೇಲೆ, ಯಾರೂ ಶಿಕ್ಷೆ ಕೊಡದೆ ತಾವಾಗಿಯೇ ನಿಂತಿದ್ದವು. ನನ್ನ ಕಾಲು ನಡೆಯಲು ಒಪ್ಪಲಿಲ್ಲ. ಸೇತುವೆಯ ಮೇಲೆ ಓಡಿದೆ. ಪೇಟ ಜಾರಿತು. ಐವತ್ತಾರು ವರ್ಷದಲ್ಲಿ ಮೊದಲ ಬಾರಿಗೆ ಅದನ್ನು ಸರಿಪಡಿಸದೆ ನಾಲ್ಕು ಹೆಜ್ಜೆ ಹಾಕಿದೆ.

ಬಾಡಿಗೆ ಕೋಣೆಯ ಒಡತಿ ಗುಂಡಗಿನ ಹಸನ್ಮುಖಿ. ಅಲ್ಪಸ್ವಲ್ಪ ಇಂಗ್ಲಿಷ್ ಬಲ್ಲವರು. ಚರ್ಚಿಗೆ ಇಪ್ಪತ್ತು ನಿಮಿಷದ ನಡಿಗೆ. ಹತ್ತು ನಿಮಿಷ ಮುಂಚಿತವಾಗಿ ತಲುಪಬೇಕೆಂದು ಸರಿಯಾಗಿ ಹನ್ನೊಂದೂವರೆಗೆ ಹೊರಟೆ.

ಬಾಗಿಲಲ್ಲಿ ಒಡತಿ ನಕ್ಕು, “ಎಲ್ಲಿಗೆ ಹೊರಟಿರಿ, ಮಹಾಶಯರೆ?” ಎಂದರು.

ಮೆಟ್ಟಿಲ ಮೇಲೆ ಕೂತೆ. ಆಕೆ ಗಾಬರಿಯಿಂದ ಕುರ್ಚಿ ತಂದರು. ಹತ್ತು ನಿಮಿಷ ಹೋಯಿತು. ಸೇತುವೆಯ ಬಳಿ ನನ್ನ ಪೇಟ, ಕೋಟು, ಕಚ್ಚೆಪಂಚೆಗಳನ್ನು ಕಂಡ ಪೊಲೀಸಿನವನು ಸೆಲ್ಯೂಟ್ ಹೊಡೆದು, “ಊ ಆಲೇ ವೂ?” ಎಂದ. ಮತ್ತೆ ಹತ್ತು ನಿಮಿಷ. ಉಳಿದ ದಾರಿಯನ್ನು ಓಡಿಯೇ ಮುಗಿಸಿದೆ.

ಚರ್ಚಿನ ಬಾಗಿಲು ಮುಟ್ಟಿದಾಗ ಜೇಬುಗಡಿಯಾರದಲ್ಲಿ ಹನ್ನೆರಡು ಗಂಟೆ ಮೂರು ನಿಮಿಷ. ಒಳಗೆ ಜನ ಕಿಕ್ಕಿರಿದು, ಒಂದು ಮೂಲೆಯತ್ತ ಕತ್ತೆತ್ತಿ ನಿಂತಿದ್ದರು. ಹುಂಜ ಕೂಗಿ ಮುಗಿದಿದೆ, ಇವರ ಬೆರಗು ಇನ್ನೂ ಇಳಿದಿಲ್ಲ ಎಂದು ಊಹಿಸಿದೆ. ಬಾಗಿಲು ಕಾಯುವ ಗಿರಿಜಾಮೀಸೆಯ ಮುದುಕ “ಬನ್ನಿ, ಬನ್ನಿ” ಎಂದು ಕೈಬೀಸಿದ.

ತಡವಾಗಿ ಬಂದವನು ಒಳಗೆ ಹೋಗುವಂತಿಲ್ಲ. ಕಾರಣ ಹೇಳುವಂತಿಲ್ಲ, ಪ್ರಶ್ನೆ ಕೇಳುವಂತಿಲ್ಲ. ನಿಯಮ ಮಾಡಿದವನು ನಾನೇ. ಹಿಂತಿರುಗಿದೆ. ಮುದುಕ ಕೈಬೀಸುತ್ತಲೇ ಇದ್ದ. ಬೀಸಿದ ಕೈಯನ್ನು ನಂಬಿ ಒಳಗೆ ಬಿಟ್ಟಿದ್ದರೆ ನನ್ನ ಶಾಲೆ ಎಂದೋ ಸಂತೆಯಾಗುತ್ತಿತ್ತು.

೪. ಭಾರತೀಯ ನಮಸ್ಕಾರ

ಎರಡನೆಯ ದಿನ ಇಪ್ಪತ್ತು ನಿಮಿಷ ಮುಂಚಿತವಾಗಿ ಹೊರಟೆ. ಒಡತಿ ಬಾಗಿಲಲ್ಲಿ ಕುರ್ಚಿಯನ್ನೂ ಗಾಜಿನ ಲೋಟದಲ್ಲಿ ನೀರನ್ನೂ ಸಿದ್ಧವಾಗಿಟ್ಟುಕೊಂಡು ನಿಂತಿದ್ದರು. “ಎಲ್ಲಿಗೆ, ಮಹಾಶಯರೆ?” ಎಂದು ಕೇಳಿ, ತಾವೇ ಕುರ್ಚಿಯನ್ನು ಮುಂದಕ್ಕೆ ಸರಿಸಿದರು. ಬೀದಿಯಲ್ಲಿ ಬ್ರೆಡ್ಡಿನ ಅಂಗಡಿಯವನು ಕೇಳಿದ, ಸ್ಟೂಲು ಕೊಟ್ಟ. ಪೊಲೀಸಿನವನು ಕೇಳಿದ, ಸೇತುವೆಯ ಕಟ್ಟೆಯನ್ನು ಕರವಸ್ತ್ರದಿಂದ ಒರೆಸಿದ. ಚರ್ಚು ತಲುಪಿದಾಗ ಹನ್ನೆರಡು ಗಂಟೆ ಒಂದು ನಿಮಿಷ.

ಮೂರನೆಯ ದಿನ ಇನ್ನೂ ಬೇಗ ಹೊರಟೆ. ಆ ದಿನ ಹೂವಿನವಳು, ಅಂಚೆಯವನು, ಅಂಚೆಯವನ ಮಾವ ಸೇರಿ ಒಟ್ಟು ಆರು ಜನ ಕೇಳಿದರು. ಆರು ಜನರೂ ಆಸನ ಕೊಟ್ಟರು. ಹನ್ನೆರಡು ಗಂಟೆ ಐದು ನಿಮಿಷ. ಗಿರಿಜಾಮೀಸೆಯವನು ಈಗ ಎರಡು ಕೈಗಳನ್ನೂ ಬೀಸತೊಡಗಿದ್ದ.

ನಾಲ್ಕನೆಯ ದಿನ ಹಿತ್ತಲ ಬಾಗಿಲಿನಿಂದ ಹೊರಟೆ. ಅಲ್ಲಿ ಬಟ್ಟೆ ಒಣಹಾಕುತ್ತಿದ್ದ ಹೆಂಗಸರೆಲ್ಲ ಒಕ್ಕೊರಲಿನಿಂದ, “ಊ ಆಲೇ ವೂ!” ಎಂದರು. ಎಂಟು ಜನ. ಒಟ್ಟಿಗೆ ಕೇಳಿದ್ದನ್ನು ಒಂದೇ ಎಂದು ಎಣಿಸಬಹುದಿತ್ತು, ಆತ್ಮಸಾಕ್ಷಿ ಒಪ್ಪಲಿಲ್ಲ. ಆ ದಿನ ಚರ್ಚಿನವರೆಗೂ ಹೋಗಲಿಲ್ಲ.

ಸಂಜೆ ಒಡತಿಯನ್ನು ವಿಚಾರಿಸಿದೆ. “ತಾಯಿ, ಈ ಬೀದಿಯವರೆಲ್ಲ ನಾನು ಎಲ್ಲಿಗೆ ಹೋಗುತ್ತೇನೆಂದು ಏಕೆ ಕೇಳುತ್ತಾರೆ?”

ಆಕೆಯ ಮುಖ ಅರಳಿತು. “ನಾನೇ ಎಲ್ಲರಿಗೂ ಹೇಳಿಕೊಟ್ಟೆ! ಅದು ನಿಮ್ಮ ದೇಶದ ನಮಸ್ಕಾರವಲ್ಲವೆ? ಒಬ್ಬರು ‘ಎಲ್ಲಿಗೆ’ ಎನ್ನಬೇಕು, ಇನ್ನೊಬ್ಬರು ಕೂತು ನೀರು ಕುಡಿಯಬೇಕು. ಎಷ್ಟು ಸಾವಧಾನದ ಜನ ನೀವು! ನಮ್ಮ ಮಕ್ಕಳಿಗೂ ಕಲಿಸಬೇಕು.”

ಮೂವತ್ತೊಂದು ವರ್ಷದಲ್ಲಿ ನಾನು ಒಂದು ಊರಿಗೆ ಕಲಿಸಿದ್ದು ಇಷ್ಟೇ.

೫. ಹುಂಜ

ಐದನೆಯ ದಿನ. ನಾಲ್ಕು ಗಂಟೆಗೆ ನನ್ನ ರೈಲು. ಇವತ್ತು ಕಾಣದಿದ್ದರೆ ಏಳು ಸಮುದ್ರದ ದಾರಿ ಹಿಂತಿರುಗಿ, ಕಾಂಪೌಂಡಿನ ಮೇಲಿಂದ ಬರುವ ಆ ಪ್ರಶ್ನೆಗೆ ತಲೆತಗ್ಗಿಸಬೇಕು. ಹತ್ತು ಗಂಟೆ ಮೂವತ್ತೈದು ನಿಮಿಷಕ್ಕೆ ಹೊರಟೆ.

ನಾನು ಊರು ಬಿಡುವ ಸುದ್ದಿ ಹಬ್ಬಿತ್ತು. ಒಡತಿಯಿಂದ ಪೊಲೀಸಿನವನವರೆಗೆ ಒಂಬತ್ತು ಜನ, ಒಬ್ಬೊಬ್ಬರಾಗಿ, ಕಣ್ಣಲ್ಲಿ ನೀರು ತುಂಬಿಕೊಂಡು ನಮಸ್ಕಾರ ಮಾಡಿದರು. ಒಂಬತ್ತು ಸಲ ಕೂತೆ. ಒಂಬತ್ತು ಸಲ ಕುಡಿದೆ. ಎದ್ದು ಓಡಿದಾಗ ಹೊಟ್ಟೆಯೊಳಗೆ ರೈನ್ ನದಿ ಬಲಕ್ಕೂ ಎಡಕ್ಕೂ ಬಾಗುತ್ತಿತ್ತು.

ಚರ್ಚಿನ ಬಾಗಿಲು. ಹನ್ನೆರಡು ಗಂಟೆ ಇಪ್ಪತ್ತೈದು ನಿಮಿಷ. ಇಷ್ಟು ತಡವಾಗಿ ನನ್ನ ಶಾಲೆಗೆ ಯಾವ ವಿದ್ಯಾರ್ಥಿಯೂ ಬಂದಿರಲಿಲ್ಲ. ಹಿಂತಿರುಗಬೇಕು. ಕಾಲು ತಿರುಗಲಿಲ್ಲ. ಮೆರವಣಿಗೆ ಹೋದರೆ ಹೋಗಲಿ, ಸುಮ್ಮನಿರುವ ಗಡಿಯಾರವನ್ನಾದರೂ ಒಂದು ಸಲ ನೋಡಿಬಿಡೋಣ ಎಂದು, ಜೀವನದಲ್ಲಿ ಮೊದಲ ಬಾರಿಗೆ, ನನ್ನ ನಿಯಮವನ್ನು ನಾನೇ ಮುರಿದು ಒಳಗೆ ಕಾಲಿಟ್ಟೆ. ಗಿರಿಜಾಮೀಸೆಯವನು ನನ್ನ ತೋಳು ಹಿಡಿದು ಜನರ ನಡುವೆ ದಾರಿ ಮಾಡಿ, ಎಲ್ಲರಿಗಿಂತ ಮುಂದೆ ನಿಲ್ಲಿಸಿದ.

ಹತ್ತು ಆಳೆತ್ತರದ ಗಡಿಯಾರ. ಇದ್ದಕ್ಕಿದ್ದಂತೆ ಗಂಟೆ ಹೊಡೆಯತೊಡಗಿತು. ಒಂದು ಗೊಂಬೆ ಬಂತು. ಎರಡು. ಮೂರು. ಬೆರಳು ಮಡಿಚಿ ಎಣಿಸಿದೆ: ಹನ್ನೆರಡೂ ಹಾಜರು! ಮೇಲೆ ಹುಂಜ ರೆಕ್ಕೆ ಬಡಿದು ಕೂಗಿತು. ಎರಡನೆಯ ಸಲ ಕೂಗಿತು. ಮೂರನೆಯ ಸಲ ಅದರ ಜೊತೆಗೆ ಇನ್ನೊಂದು ದನಿಯೂ ಕೇಳಿತು: “ಶಹಬ್ಬಾಸ್!” ಜನರೆಲ್ಲ ನನ್ನತ್ತ ತಿರುಗಿದಾಗಲೇ ಅದು ನನ್ನ ದನಿಯೆಂದು ತಿಳಿದದ್ದು.

ನಾನು ಗಿರಿಜಾಮೀಸೆಯವನ ಕೈ ಹಿಡಿದು, “ಇವತ್ತು ಅರ್ಧ ಗಂಟೆ ತಡವಾಗಿ ನಡೆಸಿದಿರಲ್ಲ, ನನಗೋಸ್ಕರವೆ?” ಎಂದೆ. ಯುದ್ಧದ ಕಾಲದಲ್ಲಿ ಸೈನಿಕರಿಂದ ಇಂಗ್ಲಿಷ್ ಕಲಿತವನು ಅವನು. ನಿಧಾನವಾಗಿ ಬಿಡಿಸಿ ಹೇಳಿದ. ಆ ಗಡಿಯಾರ ರೈಲಿನ ವೇಳೆಗೆ ನಡೆಯುವುದಿಲ್ಲ. ಆ ಊರಿನ ನೆತ್ತಿಯ ಮೇಲಿನ ಸೂರ್ಯನ ವೇಳೆಗೆ ನಡೆಯುತ್ತದೆ. ಅದರ ಹನ್ನೆರಡೆಂದರೆ ನನ್ನ ಜೇಬಿನ ಹನ್ನೆರಡೂವರೆ. ಪ್ರತಿದಿನವೂ.

ಒಂದು ರೇಖಾಂಶಕ್ಕೆ ನಾಲ್ಕು ನಿಮಿಷದ ವ್ಯತ್ಯಾಸ, ಆದ್ದರಿಂದ ಪ್ರತಿ ಊರಿಗೂ ತನ್ನದೇ ನಡುಹಗಲು! ಇದನ್ನು ಮೂವತ್ತೊಂದು ವರ್ಷ ಬೆತ್ತ ಹಿಡಿದು ಬಾಯಿಪಾಠ ಮಾಡಿಸಿದವನು ನಾನು.

“ಬಂದಾಗಲೆಲ್ಲ ಕೈಬೀಸಿ ಕರೆದೆ,” ಎಂದ ಮುದುಕ. “ಅರ್ಧ ಗಂಟೆ ಮೊದಲೇ ಬರುತ್ತಿದ್ದಿರಿ, ಕಾಯುವ ತಾಳ್ಮೆಯಿಲ್ಲದೆ ಹೋಗಿಬಿಡುತ್ತಿದ್ದಿರಿ. ಐದು ದಿನದಲ್ಲಿ ನೀವು ಶಿಸ್ತಾಗಿ ಹೊತ್ತಿಗೆ ಸರಿಯಾಗಿ ಬಂದದ್ದು ಇವತ್ತೊಂದೇ ದಿನ.”

೬. ತೀರ್ಪು

ಮರಳಿ ರಾಜಾಜಿನಗರ, ಅದೇ ಜಗಲಿ. ಪೆಟ್ಟಿಗೆ ಇಳಿಸುವ ಮೊದಲೇ ಕಾಂಪೌಂಡಿನ ಮೇಲೆ ಗುಮಾಸ್ತರ ಕತ್ತು ಕಾಣಿಸಿತು.

“ನೋಡಿದ್ರಾ ಸಾರ್?”

“ನೋಡಿದೆ.”

ಆ ಮೂರು ಅಕ್ಷರದ ಉತ್ತರಕ್ಕೆ ನಾನು ಇಪ್ಪತ್ತೈದು ವರ್ಷ ಕಾದಿದ್ದೆ. ಅಷ್ಟಕ್ಕೇ ನಿಲ್ಲಿಸಬಹುದಿತ್ತು. ಆದರೆ ಸುಳ್ಳಿನಂತೆಯೇ ಅರ್ಧ ಸತ್ಯಕ್ಕೂ ನನ್ನ ಶಾಲೆಯಲ್ಲಿ ಶಿಕ್ಷೆಯಿತ್ತು. ಇಬ್ಬರನ್ನೂ ಕೂರಿಸಿ ಎಲ್ಲವನ್ನೂ ಹೇಳಿದೆ: ಕುರ್ಚಿ, ಸ್ಟೂಲು, ಕೈಬೀಸಿದ ಮುದುಕ, ಹನ್ನೆರಡೂವರೆ.

ಗುಮಾಸ್ತರು ನಗು ತಡೆಯಲು ಟವಲನ್ನು ಬಾಯಿಗೆ ಒತ್ತಿಕೊಂಡರು. ಅಕ್ಕಯ್ಯ ನಗಲಿಲ್ಲ. ಕೂಜವನ್ನು ನನ್ನ ಕೈಯಿಂದ ಇಸಿದುಕೊಂಡು, ಅಲ್ಲಾಡಿಸಿ, ಖಾಲಿಯಾಗಿದೆಯೆಂದು ಖಚಿತಪಡಿಸಿಕೊಂಡರು. ನನ್ನನ್ನು ನೋಡಿದರು. ಗುಮಾಸ್ತರನ್ನು ಬಹಳ ಹೊತ್ತು ನೋಡಿದರು. ಆಮೇಲೆ ಬೀದಿಗೆಲ್ಲ ಕೇಳುವಂತೆ ತೀರ್ಪು ಕೊಟ್ಟರು:

“ಅಲ್ವೋ, ಮೂವತ್ತೊಂದ್ ವರ್ಷ ಗೇಟ್ ಹಾಕಿ ಹೊರಗೆ ನಿಲ್ಲಿಸಿದ್ಯಲ್ಲ, ಪಾಪ, ಅವರಲ್ಲಿ ಎಷ್ಟು ಜನ ಬೇಗ ಬಂದಿದ್ರೋ ಏನೋ!”