ಕೆಂಪು ಗಾಡಿ, ಹಳದಿ ಗಾಡಿ, ಒಂದು ಚಪ್ಪಲ್

ರಸ್ತೆ ಬದಿಗೆ ಗಾಳಿ ಹಾಕುವ ಅಂಗಡಿ ಇಟ್ಟವನಿಗೆ ಮಾತಿಗೇನೂ ಕಮ್ಮಿ ಇಲ್ಲ. ಟಾಯರಿನ ಗಾಳಿ ಹೋದವರು ನಿಲ್ಲುತ್ತಾರೆ. ನಿಂತವರು ಮಾತಾಡುತ್ತಾರೆ. ನನ್ನದು ಮಾತು ಕಮ್ಮಿ. ಸಾಲಿ ಕಲಿತದ್ದು ಮೂರನೇ ಇಯತ್ತೆ ತನಕ. ಆದರೂ ಇದನ್ನು ಬರೆದಿಡಬೇಕು ಅನಿಸಿತು.

೧. ಕ್ಯಾಲೆಂಡರ್

ಅಂಗಡಿ ಇರುವುದು ಸೋಲಾಪುರ ದಾಟಿ, ಅಕ್ಕಲಕೋಟ ರಸ್ತೆಗೆ. ಗೋಡೆಗೆ ಒಂದು ಕ್ಯಾಲೆಂಡರ್. ಅದರಲ್ಲಿ ಎರಡು ಫಾರಿನ್ ಗಾಡಿ, ನೆಲಕ್ಕೆ ಹತ್ತಿದಂಥ ರೇಸ್ ಕಾರು. ಒಂದು ಕೆಂಪು, ಒಂದು ಹಳದಿ. ವರ್ಷ ಮುಗಿದರೂ ತೆಗೆಯಲಿಲ್ಲ. ನನ್ನ, ನನ್ನ ಹೆಂಡತಿಯ ಜಗಳ ಮುಗಿದಿರಲಿಲ್ಲ.

"ಕೆಂಪು ಛಲೋ," ಅಂತ ನಾನು.

"ಹಳದಿ," ಅಂತ ಅವಳು. "ನಿಮ್ಮ ಕೆಂಪಿಂದು ಮಾರಿ ನೆಲಾ ಮೂಸಾಕತ್ತದ. ನಮ್ಮ ರಸ್ತ್ಯಾಗ ಮೂಗು ಒಡಕೋತದ."

ಸಾಲಿ ಮಾಸ್ತರರು ಒಮ್ಮೆ ಅದರ ಕೆಳಗಿನ ಇಂಗ್ಲಿಷ್ ಓದಿದರು. "ಎರಡೂ ಇಲ್ಲಿಂದ ಅಕ್ಕಲಕೋಟಕ್ಕ ಹತ್ತು ಮಿನಿಟಿಗೆ ಮುಟ್ಟತಾವ," ಅಂದರು.

ಅವಳು ಕೇಳಿದಳು: "ಅಷ್ಟು ಜಲ್ದಿ ಹೋಗಿ ಏನ್ ಮಾಡೂದ್ರಿ ಮಾಸ್ತರ? ಗುಡಿ ಪೂಜಾರಿ ಜಳಕಾ ಮುಗೀಬೇಕಲ್ಲ?"

೨. ಎಂಜಿನ್

ಅವಳು ತೀರಿಹೋದ ಹನ್ನೊಂದು ತಿಂಗಳಿಗೆ ಆ ಎರಡೂ ಗಾಡಿ ಗಾಳಿ ಹಾಕಿಸಲು ಅಂಗಡಿ ಮುಂದೆ ಬಂದು ನಿಂತವು. ಖರೇನ. ಅಂಥದೇ ಕೆಂಪು, ಅಂಥದೇ ಹಳದಿ. ಕೈಯಾಗಿನ ನಟ್ಟು ಬಿಚ್ಚುವ ಪಾನಾ ಬಿತ್ತು. ನಾನು ತಿರುಗಿ ಒಳಗೆ ನೋಡಿದೆ, ಅವಳನ್ನು ಕರೆಯಾಕ. ಹೆಸರು ಬಾಯಿತನಕ ಬಂದಿತ್ತು.

ಬಂದವರು ಸೋಲಾಪುರದ ಒಬ್ಬ ಸಾಹುಕಾರರ ಅಳಿಯಂದಿರು. ಇರುವುದು ಪುಣೆಯಲ್ಲಿ. ಹಿರಿಯ ಅಳಿಯನದು ಕೆಂಪು, ಕಿರಿಯನದು ಹಳದಿ. ಅಕ್ಕಲಕೋಟದ ಗುಡಿ ಮುಂದೆ ಗಾಡಿ ಪೂಜೆ ಮಾಡಿಸಲು ಹೊರಟಿದ್ದರು. ದಾರಿಯಲ್ಲಿ ಶರ್ಯತ್ ಕಟ್ಟಿದ್ದರು. ಮೊದಲು ಮುಟ್ಟಿದವನ ಗಾಡಿಯೇ ಮೇಲು. ಸೋತವನು ಅದನ್ನು ಮಾವನ ಮುಂದೆ ಬಾಯಿಬಿಟ್ಟು ಒಪ್ಪಬೇಕು.

ಮಂದಿ ಕೂಡಿತು. ನಾಗಣಸೂರಿನ ಒಬ್ಬ ರೈತ ಬಂಡಿ ಟ್ಯೂಬ್ ತಂದು ಕೂತಿದ್ದ. "ಎಂಜಿನ್ ತೋರಸ್ರಿ," ಅಂದ. ತೋರಿಸಿದರು. ಕೆಂಪಿನದು ಹಿಂದೆ, ಹಳದಿಯದು ಮುಂದೆ. ಎರಡಕ್ಕೂ ಸುತ್ತು ಹಾಕಿ ಬಂದು, "ಹಳದಿ ಬರೋಬರಿ ಅದ," ಅಂದ.

"ಯಾಕ್ರಿ?" ಹಿರಿಯ ಅಳಿಯನಿಗೆ ಸಿಟ್ಟು.

"ಎತ್ತು ಹಿಂದ ಹೂಡಿದ ಬಂಡಿ ನಾ ಎಲ್ಲೂ ನೋಡಿಲ್ರಿ."

೩. ಚಪ್ಪಲ್

ಎದುರಿನ ಚಹಾದಂಗಡಿಯ ಮಾವಶಿ, ಊರಿಗೆಲ್ಲ ಚಿಕ್ಕಮ್ಮ, ಬಂದಳು. "ಇಷ್ಟ ಮಂದಿ ಕಣ್ಣು ಬಿದ್ದಾವ. ಹಂಗ ಬಿಡಬ್ಯಾಡ್ರಿ," ಅಂದಳು.

ದೃಷ್ಟಿ ತಾಗಬಾರದೆಂದು ಗಾಡಿ ಹಿಂದೆ ಹಳೇ ಚಪ್ಪಲ್ ಕಟ್ಟುವುದು ನಮ್ಮ ಕಡೆ ರೂಢಿ. ನನ್ನ ಅಂಗಡಿಯಲ್ಲಿ ಅದು ಹೆಂಡತಿಯ ಕೆಲಸ. ಟ್ರಕ್ಕಿನವರು ಕೇಳಿ ಕಟ್ಟಿಸಿಕೊಳ್ಳುತ್ತಿದ್ದರು.

"ಈ ಗಾಡೀಗಿ ಚಪ್ಪಲ್?" ಹಿರಿಯ ಅಳಿಯ ನಕ್ಕ. "ನನಗ ಬ್ಯಾಡ. ಮಾನ ಹೋಗ್ತದ."

"ನನಗ ಕಟ್ರಿ ಕಾಕಾ," ಅಂದ ಕಿರಿಯವ. "ಶರ್ಯತ್ ಗೆದ್ದರ ಸಾಕು."

ಅಂಗಡಿಯಲ್ಲಿ ಹಳೆಯದು ಒಂದೇ ಜೋಡಿ ಇತ್ತು. ಅವಳದು. ಕ್ಯಾಲೆಂಡರಿನ ಕೆಳಗೆ ಮೊಳೆಗೆ ತೂಗುತ್ತಿತ್ತು. ಹನ್ನೊಂದು ತಿಂಗಳು ಮುಟ್ಟಿರಲಿಲ್ಲ. ಎಡಗಾಲಿನದು ತೆಗೆದೆ. ಹಳದಿ ಗಾಡಿ ಅಲ್ಲದಿದ್ದರೆ ತೆಗೆಯುತ್ತಿರಲಿಲ್ಲ. ಟ್ಯೂಬಿನ ಪಟ್ಟಿಯಿಂದ ಹಿಂದೆ ಕಟ್ಟಿದೆ.

ಮಾವಶಿ ಗುರುತು ಹಿಡಿದಳು. ಆಮೇಲೆ ಅಂದಳು: "ಅಣ್ಣಾ, ಆಕಿ ಇದ್ದಾಗ ನೀವು ಒಮ್ಮಿನೂ ಗೆದ್ದಿಲ್ಲ. ಇನ್ನ ಆಕಿ ಚಪ್ಪಲ್ ಹಳದೀಗಿ ಕಟ್ಟಿದ ಮ್ಯಾಲ ನಿಮ್ಮ ಕೆಂಪು ಗೆಲ್ತದೇನು?"

೪. ಶರ್ಯತ್

ದಾರಿ ತೋರಿಸಲು ಕಿರಿಯವ ನನ್ನನ್ನು ಕೂರಿಸಿಕೊಂಡ. ಹಿರಿಯವ ರೈತನನ್ನು. ಎರಡೆರಡೇ ಸೀಟು. ಕೂತರೆ ರಸ್ತೆ ಮೇಲೇ ಕೂತ ಹಾಗೆ.

ಹೊರಟೆವು. ಬೆನ್ನು ಸೀಟಿಗೆ ಅಂಟಿತು. ತೊಗರಿ ಹೊಲ, ಬೇವಿನ ಗಿಡ, ಸರಕಾರಿ ಬಸ್ಸು ಎಲ್ಲ ಹಿಂದಕ್ಕೆ ಓಡಿದವು. ಒಮ್ಮೆ ಕೆಂಪು ಮುಂದೆ, ಒಮ್ಮೆ ಹಳದಿ ಮುಂದೆ. ಕೆಂಪಿನ ಸದ್ದು ಗುಡುಗು. ಹಳದಿಯದು ಹುಲಿ ಗುರುಗುಟ್ಟಿದಂತೆ. ಹನ್ನೊಂದು ತಿಂಗಳಲ್ಲಿ ನಾನು ನಕ್ಕದ್ದು ಅವತ್ತೇ. ನಾನು ಕೆಂಪಿನ ಕಡೆಯವ. ಬಾಯಿ ಮಾತ್ರ "ಬಿಡಬ್ಯಾಡ, ಹೊಡಿ, ಹೊಡಿ" ಅನ್ನುತ್ತಿತ್ತು.

ಕೆಂಪನ್ನು ಪೂರಾ ಹಿಂದೆ ಹಾಕಿದ್ದೆವು. ಆಗ ಕನ್ನಡಿಯಲ್ಲಿ ಕಂಡಿತು. ಪಟ್ಟಿ ಹರಿದು ಚಪ್ಪಲ್ ರಸ್ತೆಗೆ ಬಿತ್ತು.

"ನಿಲ್ಸಪಾ."

"ಕಾಕಾ, ಗೆಲ್ಲಾಕತ್ತೀವಿ."

"ನಿಲ್ಸು. ಅದು ನನ್ನ ಹೆಂಡತೀದು. ಆಕಿ ಇಲ್ಲ ಈಗ."

ಕೂಡಲೇ ನಿಲ್ಲಿಸಿದ. ಒಳ್ಳೆಯವ. ನಾನು ಹಿಂದಕ್ಕೆ ಓಡಿದೆ. ಕೆಂಪು ಹಾರ್ನ್ ಹೊಡೆದು ದಾಟಿ ಹೋಯಿತು. ರೈತ ಕೈ ಬೀಸಿದ. ನಾನು ಚಪ್ಪಲ್ ಧೂಳು ಒರೆಸಿ, ತೊಡೆ ಮೇಲೆ ಇಟ್ಟುಕೊಂಡು ಕೂತೆ. ಶರ್ಯತ್ ಹೋಯಿತು ಅಂದುಕೊಂಡೆವು.

ತಿರುವು ದಾಟಿದೆವು. ಅಲ್ಲೊಂದು ದಿಬ್ಬ. ಲಾರಿಗಳು ಸಾವಕಾಶ ಹೋಗಲಿ ಅಂತ ಊರವರೇ ಕಲ್ಲು ಮಣ್ಣು ಹಾಕಿದ್ದು. ನನಗೆ ಗೊತ್ತಿತ್ತು, ನಗುವಿನೊಳಗೆ ಮರೆತಿದ್ದೆ. ರೈತ ಹೇಳಲು ಬಾಯಿ ತೆರೆದಿದ್ದನಂತೆ. ಮಾತು ಮುಗಿಯುವುದರೊಳಗೆ ದಿಬ್ಬವೇ ಬಂದಿತ್ತು. ಕೆಂಪು ಅದರ ಮೇಲೆ ಹೊಟ್ಟೆ ಊರಿ ಕೂತಿತ್ತು. ಒಳಗಿದ್ದವರಿಗೆ ಏನೂ ಆಗಿರಲಿಲ್ಲ. ಗಾಡಿಯ ಮೂಗು ಮಾತ್ರ ಒಡೆದಿತ್ತು. ಅವಳು ಹೇಳಿದ ಹಾಗೇ. ನಾವು ನಿಲ್ಲದಿದ್ದರೆ ಅಲ್ಲಿ ಮೊದಲು ಕೂರುತ್ತಿದ್ದವರು ನಾವು.

ರೈತ ಆಗಲೇ ಪಕ್ಕದ ಹೊಲದಿಂದ ಜೋಡೆತ್ತು ಹೊಡಕೊಂಡು ಬಂದಿದ್ದ. ಗಾಡಿ ಮುಂದೆ ಹಗ್ಗ ಕಟ್ಟುತ್ತ ಅಂದ: "ಮುಂದನ ಹೂಡಬೇಕ್ರಿ ಸಾಹೇಬ್ರ. ನಾ ಮೊದಲ ಹೇಳಿದ್ದೆ."

ನಾವು ಬದಿಯ ಬಂಡಿದಾರಿಯಲ್ಲಿ ಇಳಿದು, ಆಮೆಯ ಹಾಗೆ ಹೋಗಿ ಮೊದಲು ಮುಟ್ಟಿದೆವು. ಹತ್ತು ಮಿನಿಟು ಅಲ್ಲ, ಒಂದೂವರೆ ತಾಸು. ಪೂಜಾರಿ ಜಳಕ ಮುಗಿದಿತ್ತು.

ಸೋತವನು ಒಪ್ಪಬೇಕಲ್ಲ. ಕಿರಿಯವ ತೆಂಗಿನಕಾಯಿ ತರಲು ಹೋದಾಗ ನಾನು ಗಾಡಿಯಲ್ಲೇ ಕೂತು, ತೊಡೆ ಮೇಲಿನದಕ್ಕೆ ಹೇಳಿದೆ: "ಹಳದೀನ ಛಲೋ. ಆತಿಲ್ಲ?"

ಸಂಜೆಗೆ ಎರಡೂ ಗಾಡಿ ಅಂಗಡಿಗೆ ವಾಪಸ್ ಬಂದವು. ನಾನು ಎಡಗಾಲಿನದನ್ನು ಮೊಳೆಗೆ ಜೋಡಿ ಹಚ್ಚುತ್ತಿದ್ದೆ. ಒಡೆದ ಮೂಗಿನ ಪಕ್ಕ ನಿಂತು ಹಿರಿಯ ಅಳಿಯ ಸಣ್ಣ ದನಿಯಲ್ಲಿ ಕೇಳಿದ: "ಕಾಕಾ, ಬಲಗಾಲಿಂದು ಅದ ಅಲ್ಲ? ನನ್ನ ಗಾಡೀಗಿ ಕಟ್ಟಿಬಿಡ್ರಿ. ಕೇಳಿದಷ್ಟು ಕೊಡ್ತೀನಿ."

"ಆಗಂಗಿಲ್ರಿ ಸಾಹೇಬ್ರ," ಅಂದೆ. "ಆಕಿ ಕೆಂಪು ಗಾಡಿ ಹತ್ತಾಕಿ ಅಲ್ಲ."